ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆರೆ ಏರಿಯ ಮೇಲೆ ಕಡಲಿನ ಪಾಠ

ಮೈಸೂರು, ಮಂಡ್ಯ ಸೀಮೆಯ ಶಾಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಂದೇ ಕಟ್ಟಿಗೆ ಸೇರಿಸಿದ್ದೇವೆ. ಎಲ್ಲವೂ ಪ್ಲವಕಗಳ ಬಗ್ಗೆ, ಅಂದರೆ ನೀರು ಹೋದತ್ತ ಹೋಗುವ, ಹರಿವಿಗೆ ಎದುರು ಈಜಲಾರದ ಜೀವಿಗಳ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ, ಉದ್ದದ ಪತ್ರಗಳನ್ನು ಕತ್ತರಿಸಿದ್ದೇವೆ.

ಪ್ರಶ್ನೆ: ಎಂಟು, ಒಂಬತ್ತನೇ ತರಗತಿಗೆ ಕಡಲ ವಿಜ್ಞಾನವನ್ನು ಪ್ಲವಕಗಳ ಮೂಲಕ ಮಾಡಿಸಬೇಕೆಂದಿದ್ದೇನೆ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಕಡಲನ್ನೇ ನೋಡಿಲ್ಲ. ಊರ ಕೆರೆಯ ನೀರು ತೋರಿಸಿ ಇದೇ ಕಡಲಿನ ಪಾಠ ಅಂದರೆ ಅದು ಮೋಸವಾಗುವುದಿಲ್ಲವೇ?
(ವಿಜ್ಞಾನ ಶಿಕ್ಷಕಿ, ಮಳವಳ್ಳಿ ತಾಲ್ಲೂಕು)

ಉತ್ತರ: ಇದೇ ಕಡಲು ಅಂದರೆ ಮೋಸ. ಕಡಲಿನಲ್ಲೂ ನಡೆಯುವ ಕೆಲಸ ಇದು ಅಂದರೆ ಮೋಸವಲ್ಲ. ಬಿಸಿಲು ಹೀರಿ ಬೆಳೆಯುವ ಸಸ್ಯಪ್ಲವಕ, ಅದನ್ನು ಮೇಯುವ ಪ್ರಾಣಿಪ್ಲವಕ, ಅದನ್ನು ನುಂಗುವ ಮರಿಮೀನು, ಈ ಸರಪಳಿ ಎರಡು ಕಡೆಯೂ ಇದೆ. ಬಲೆ ಎಳೆಯುವ ರೀತಿ, ಶೀಷೆಗೆ ಇಳಿಸುವ ರೀತಿ, ಎಣಿಸುವ ಲೆಕ್ಕವೂ ಒಂದೇ. ಕೆರೆಯಲ್ಲಿ ಕೈ ಪಳಗಿದ ಹುಡುಗಿ ಮಲ್ಪೆಯ ದೋಣಿಯಲ್ಲಿ ನಿಂತರೂ ತಡವರಿಸುವುದಿಲ್ಲ.

ಎರಡು ಲೋಕಗಳಿಗೂ ಸೇತುವೆಯಾಗಬಲ್ಲ ಜೀವಿ ಕೋಪೆಪಾಡ್, ಸೀಗಡಿಯ ದೂರದ ನೆಂಟನಾದ ಪುಟ್ಟ ಪ್ರಾಣಿಪ್ಲವಕ. ನಮ್ಮ ಕೆರೆಗಳಲ್ಲಿ ಇದರ ಎರಡು ಬಗೆ ಸಾಮಾನ್ಯ. ಸೈಕ್ಲಾಪ್ಸ್‌ನ ಮೀಸೆ ಗಿಡ್ಡ, ಮೊಟ್ಟೆ ಹೊತ್ತ ಹೆಣ್ಣಿಗೆ ಬಾಲದ ಎರಡೂ ಬದಿ ಒಂದೊಂದು ಮೊಟ್ಟೆಚೀಲ. ಡಯಾಪ್ಟೋಮಸ್ ಜಾತಿಯದಕ್ಕೆ ಮೈಯಷ್ಟೇ ಉದ್ದದ ಮೀಸೆ, ಮೊಟ್ಟೆಚೀಲ ಒಂದೇ. ಈ ಎರಡನೆಯದರ ಬಳಗಕ್ಕೆ ಕೆಲನಾಯ್ಡ್ ಎನ್ನುತ್ತಾರೆ. ಕಡಲಿನಲ್ಲಿ ಪ್ರಾಣಿಪ್ಲವಕದ ಬಲೆ ಎಳೆದರೆ ಸಾಮಾನ್ಯವಾಗಿ ಅತಿ ಹೆಚ್ಚು ಸಿಗುವುದೂ ಇದೇ ಬಳಗ. ಸ್ಲೈಡಿನಲ್ಲಿ ಉದ್ದ ಮೀಸೆಯದು ಸಿಕ್ಕಾಗ ಕಡಲಿನ ಮಾತು ತೆಗೆಯಿರಿ.

ಇಲ್ಲದ್ದನ್ನೂ ಹೇಳಿ. ನಕ್ಷತ್ರಮೀನಿನ ಬಳಗದ ಒಂದೂ ಜೀವಿ ಸಿಹಿನೀರಿನಲ್ಲಿಲ್ಲ, ಹಾಗಾಗಿ ಅದರ ಮರಿಗಳೂ ಇಲ್ಲ. ಕಡಲ ಪ್ಲವಕದಲ್ಲಿ ಸಿಗುವ, ಬಾಣದಾಕಾರದ ಪಾರದರ್ಶಕ ಬಾಣಹುಳುವೂ ಇಲ್ಲ. ಬದಲಿಗೆ ಕೆರೆಯಲ್ಲಿ ರೋಟಿಫರ್ ಎಂಬ ಅತಿ ಸಣ್ಣ ಪ್ರಾಣಿಗಳ ಮತ್ತು ಡಾಫ್ನಿಯಾ ಬಳಗದ ನೀರುಚಿಗಟಗಳ ಜಾತ್ರೆಯೇ ಇರುತ್ತದೆ. ಕಡಲಿನಲ್ಲಿ ಆ ಬಳಗದವು ಬೆರಳೆಣಿಕೆಯ ಜಾತಿಗಳು ಮಾತ್ರ. ಈ ವ್ಯತ್ಯಾಸ ತೋರಿಸಲು ಮಂಡ್ಯದ ಮಕ್ಕಳಿಗೆ ಗದ್ದೆ ಏಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗದ್ದೆ ಏಡಿಯ ಹೊಟ್ಟೆಯ ಮಡಿಕೆ ಬಿಡಿಸಿದರೆ ಪೂರ್ತಿ ರೂಪದ ಪುಟಾಣಿ ಏಡಿಗಳೇ ಇರುತ್ತವೆ. ಕಡಲ ಏಡಿ ಹಾಗಲ್ಲ. ಅದರ ಮೊಟ್ಟೆಯಿಂದ ಬರುವುದು ಮುಳ್ಳು ಚಾಚಿದ, ಏಡಿಯಂತೆ ಕಾಣದ ಜೋಯಿಯಾ ಎಂಬ ಮರಿ. ಅದು ವಾರಗಟ್ಟಲೆ ಪ್ಲವಕವಾಗಿ ತೇಲಿ, ಆಮೇಲೆ ಏಡಿಯ ರೂಪಕ್ಕೆ ಬರುತ್ತದೆ. ಹರಿಯುವ ಹೊಳೆಯಲ್ಲಿ ಮರಿಯನ್ನು ತೇಲಿಬಿಟ್ಟರೆ ಅದು ಕೊಚ್ಚಿಹೋದೀತು. ಸಿಹಿನೀರಿನ ಏಡಿ ಆ ತೇಲುವ ಹಂತವನ್ನೇ ಬಿಟ್ಟಿದೆ.

ಪ್ರಶ್ನೆ: ಪ್ಲವಕದ ಬಲೆಯನ್ನು ಶಾಲೆಯಲ್ಲೇ ಹೊಲಿಯಬಹುದೇ? ಅಳತೆ ಸಮೇತ ತಿಳಿಸಿ. ಕಳೆದ ವರ್ಷ ನಾವು ಹೊಲಿದ ಬಲೆ ನೀರನ್ನು ಒಳಗೆ ಬಿಡದೆ ಬಕೆಟ್ಟಿನಂತೆ ಎಳೆದುಕೊಂಡು ಬಂತು.
(ಜೀವಶಾಸ್ತ್ರ ಶಿಕ್ಷಕರು, ಪಾಂಡವಪುರ)

ಉತ್ತರ: ಹೊಲಿಯಬಹುದು. ಬಟ್ಟೆಯೊಂದನ್ನು ಸರಿಯಾಗಿ ಆರಿಸಿದರೆ ಉಳಿದದ್ದು ದರ್ಜಿ ಕೆಲಸ.

ಮದುವೆ ಕಾರ್ಡು, ಬ್ಯಾನರ್ ಅಚ್ಚು ಹಾಕುವವರು ಬಳಸುವ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆ ಕೇಳಿ. ಅದರ ನಂಬರು ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಎಂಬುದನ್ನು ಹೇಳುತ್ತದೆ. 120 ನಂಬರಿನದಕ್ಕೆ ಬಲೆಯ ಕಣ್ಣು ಸುಮಾರು 45 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ರೋಟಿಫರ್, ದೊಡ್ಡ ಪಾಚಿಗಳು, ಕೋಪೆಪಾಡ್ ಮರಿಗಳು ಇದರಲ್ಲಿ ನಿಲ್ಲುತ್ತವೆ. 77 ನಂಬರಿನದಕ್ಕೆ ಕಣ್ಣು ಸುಮಾರು 75 ಮೈಕ್ರಾನ್. ಇದು ಪ್ರಾಣಿಪ್ಲವಕಕ್ಕೆ ಸಾಕು, ಬೇಗ ಕಟ್ಟಿಕೊಳ್ಳುವುದಿಲ್ಲ. ಒಂದೇ ಬಲೆ ಮಾಡುವುದಾದರೆ 77 ತೆಗೆದುಕೊಳ್ಳಿ. ಕೆಲವು ಅಂಗಡಿಗಳಲ್ಲಿ ನಂಬರನ್ನು ಅಂಗುಲದ ಲೆಕ್ಕದಲ್ಲಿ ಹೇಳುತ್ತಾರೆ. ಆಗ 2.54ರಿಂದ ಭಾಗಿಸಿ.

ಬಾಯಿಗೆ 20 ಸೆಂ.ಮೀ. ವ್ಯಾಸದ ಬಳೆ ಬೇಕು. ಎಂಟು ಅಂಗುಲದ ಕಸೂತಿ ರಿಂಗ್ ಆದೀತು, ಆದರೆ ಮರದ್ದು ನೀರು ಕುಡಿದು ಸೊಟ್ಟಗಾಗುತ್ತದೆ. 3 ಮಿ.ಮೀ. ಜಿ.ಐ. ತಂತಿ ಬಗ್ಗಿಸಿ ಬೆಸುಗೆ ಹಾಕಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಅಡಿಗೆ 50ರಿಂದ 100 ಮಿ.ಲೀ. ಹಿಡಿಯುವ, 4 ಸೆಂ.ಮೀ. ಅಗಲ ಬಾಯಿಯ ಪ್ಲಾಸ್ಟಿಕ್ ಶೀಷೆ. ಬಟ್ಟೆಯನ್ನು ಎರಡು ತುಂಡಾಗಿ ಕತ್ತರಿಸಿ, ಮೇಲೆ 33 ಸೆಂ.ಮೀ., ಕೆಳಗೆ 8 ಸೆಂ.ಮೀ., ಉದ್ದ 60 ಸೆಂ.ಮೀ. ಹೊಲಿಗೆಗೆ ಬಿಟ್ಟ ಜಾಗವೂ ಇದರಲ್ಲೇ ಸೇರಿದೆ. ತೆಳುಬಟ್ಟೆಯನ್ನು ನೇರ ತಂತಿಗೆ ಹೊಲಿದರೆ ಎರಡೇ ಸಲಕ್ಕೆ ಹರಿಯುತ್ತದೆ. ಅದಕ್ಕೇ ಮೇಲಂಚಿಗೆ 10 ಸೆಂ.ಮೀ. ಅಗಲದ ದಪ್ಪ ಕ್ಯಾನ್ವಾಸ್ ಪಟ್ಟಿ ಕೂಡಿಸಿ, ಅದನ್ನು ತಂತಿಯ ಮೇಲೆ ಮಡಚಿ ಹೊಲಿಯಿರಿ. ಹೊಲಿಗೆಯ ಅಂಚು ಹೊರಗಡೆಗೇ ಇರಲಿ. ಒಳಗಿದ್ದರೆ ಅರ್ಧ ಪ್ಲವಕ ಆ ಮಡಿಕೆಯಲ್ಲೇ ಸಿಕ್ಕಿಕೊಂಡು, ಮುಂದಿನ ವಾರ ಬೇರೆ ಕೆರೆಯ ಮಾದರಿಯಲ್ಲಿ ಹೊರಬರುತ್ತದೆ. ಸೂಜಿ ಮಾಡಿದ ತೂತುಗಳ ಮೇಲೆ ಸಿಲಿಕಾನ್ ಅಂಟಿನ ತೆಳು ಗೆರೆ ಎಳೆದು ಒಂದು ದಿನ ಒಣಗಲು ಬಿಡಿ. ಶೀಷೆಯನ್ನು ಕೊಳಾಯಿ ಸಾಮಾನಿನ ಅಂಗಡಿಯ ಹೋಸ್ ಕ್ಲಿಪ್‌ನಿಂದ ಬಿಗಿಯಿರಿ. ಬಳೆಗೆ ಸಮ ಅಂತರದಲ್ಲಿ ಮೂರು ಹಗ್ಗ, ತಲಾ 40 ಸೆಂ.ಮೀ., ಮೂರೂ ಸೇರುವಲ್ಲಿ ಗಂಟು, ಅಲ್ಲಿಂದ ಎಳೆಯುವ ಹಗ್ಗ. ಎರಡೇ ಹಗ್ಗ ಕಟ್ಟಿದರೆ ಬಾಯಿ ಮೇಲಕ್ಕೋ ಕೆಳಕ್ಕೋ ಮಗುಚಿಕೊಳ್ಳುತ್ತದೆ. ಶೀಷೆಯ ಕುತ್ತಿಗೆಗೆ 150 ಗ್ರಾಂ ತೂಕದ ನಟ್ಟು ಕಟ್ಟಿ, ಇಲ್ಲವಾದರೆ ಬಲೆ ಮೇಲೇ ತೇಲುತ್ತದೆ.

ಈಗ ನಿಮ್ಮ ಬಕೆಟ್ಟಿನ ಸಮಸ್ಯೆ. ಈ ಅಳತೆಯಲ್ಲಿ ಬಲೆಯ ಬಟ್ಟೆ ಒಟ್ಟು 2,200 ಚದರ ಸೆಂ.ಮೀ. ಆಸುಪಾಸು. ಅದರಲ್ಲಿ ತೂತುಗಳ ಪಾಲು ಮೂರರಲ್ಲೊಂದು, ಅಂದರೆ 700 ಚಿಲ್ಲರೆ. ಬಾಯಿ 314. ನೀರು ಒಳಬರುವ ಜಾಗಕ್ಕಿಂತ ಹೊರಹೋಗುವ ಜಾಗ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ತಿಳಿನೀರಿಗೆ ಇದು ಸಾಕು. ಹಸಿರು ನೀರಿನಲ್ಲಿ ಕಣ್ಣುಗಳು ಕಟ್ಟಿಕೊಂಡಂತೆ ಈ ಜಾಗ ಕಿರಿದಾಗಿ, ಒಳಗೆ ಹೋಗಬೇಕಾದ ನೀರು ಬಾಯಿಯ ಮುಂದೆಯೇ ಪಕ್ಕಕ್ಕೆ ಸರಿಯುತ್ತದೆ. ಬಹುಶಃ ನಿಮ್ಮ ಬಲೆ ಅಗಲಬಾಯಿಯ ಗಿಡ್ಡ ಬಲೆ. ಉದ್ದ ಬಾಯಿಯ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು. ಕೆರೆ ತೀರಾ ಹಸಿರಾಗಿದ್ದರೆ 80 ಸೆಂ.ಮೀ. ಉದ್ದ ಮಾಡಿ, ಅಥವಾ ಒಂದೇ ಸಲ 10 ಮೀಟರ್ ಎಳೆಯುವ ಬದಲು 3 ಮೀಟರಿನಂತೆ ಮೂರು ಸಲ ಎಳೆಯಿರಿ.

ಎಳೆಯುವಾಗ ಬಾಯಿ ನೀರಿನ ಮೇಲ್ಮೈಯಿಂದ ಒಂದು ಗೇಣು ಕೆಳಗಿರಲಿ. ವೇಗ ಆರಾಮವಾಗಿ ನಡೆಯುವವನ ಹೆಜ್ಜೆಗಿಂತ ಕಡಿಮೆ ಇರಲಿ. ಎತ್ತಿದ ಮೇಲೆ ಬಲೆಗೆ ಹೊರಗಡೆಯಿಂದ ನೀರು ಎರಚಿ, ಒಳಗೆ ಅಂಟಿದ್ದೆಲ್ಲ ಶೀಷೆಗೆ ಇಳಿಯಲಿ. ಒಳಗಡೆಯಿಂದ ಎರಚಿದರೆ ಬಲೆಗೆ ಸಿಗದಿದ್ದ ಜೀವಿಗಳೂ ಮಾದರಿಗೆ ಸೇರುತ್ತವೆ. ಬಲೆಯನ್ನು ಕೊನೆಗೆ ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಹಾಕಿ. ಸಾಬೂನು ಬೇಡ.

ಪ್ರಶ್ನೆ: ಸ್ಕ್ರೀನ್ ಬಟ್ಟೆ ಹುಡುಕುವ ಬದಲು ಹಳೆಯ ಹತ್ತಿ ಸೀರೆ ಸಾಲದೇ?
(ಗೃಹಿಣಿ, ಶ್ರೀರಂಗಪಟ್ಟಣ)

ಉತ್ತರ: ಸೋಸಲು ಸಾಕು, ನೋಡಲು ಸಾಲದು. ಬಾಂಗ್ಲಾದೇಶದಲ್ಲಿ ಕಾಲರಾ ತಡೆಯಲು ಹಳೆ ಸೀರೆಯನ್ನು ಎಂಟು ಪದರ ಮಾಡಿ ಕೊಳದ ನೀರು ಸೋಸಿಸಿದ ಪ್ರಯೋಗ ಪ್ರಸಿದ್ಧ. ಕಾಲರಾ ಬ್ಯಾಕ್ಟೀರಿಯಾ ಕೋಪೆಪಾಡ್‌ಗಳಿಗೆ ಅಂಟಿಕೊಂಡಿರುವುದರಿಂದ ಅವನ್ನು ತಡೆದರೆ ರೋಗವೂ ಇಳಿಯಿತು. ನಾರುಹುಣ್ಣಿನ ಹುಳುವೂ ಸೈಕ್ಲಾಪ್ಸ್ ಒಳಗೇ ಇರುತ್ತಿತ್ತು. ಬಟ್ಟೆಯಲ್ಲಿ ಸೋಸಿ ಕುಡಿಯುವ ಪದ್ಧತಿ ಆ ರೋಗವನ್ನು ಓಡಿಸುವಲ್ಲಿ ದೊಡ್ಡ ಪಾತ್ರ ವಹಿಸಿತು, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಆದರೆ ಬಲೆಗೆ ಹತ್ತಿ ಬೇಡ. ಒದ್ದೆಯಾದಾಗ ಎಳೆ ಉಬ್ಬಿ ಕಣ್ಣು ಮುಚ್ಚುತ್ತದೆ, ಎಂಟು ಪದರದಿಂದ ಪ್ಲವಕವನ್ನು ಮತ್ತೆ ಬಿಡಿಸಲಾಗದು, ಉದುರಿದ ನೂಲಿನ ಚೂರುಗಳನ್ನು ಮಕ್ಕಳು ಪಾಚಿ ಎಂದೇ ಚಿತ್ರ ಬರೆಯುತ್ತಾರೆ.

ಪ್ರಶ್ನೆ: ಆಗಸ್ಟಿನಲ್ಲಿ ಬಲೆ ಎಳೆದೆವು. ಬರೀ ಕೆಸರು. ಕೆರೆಯಲ್ಲಿ ಪ್ಲವಕವೇ ಇಲ್ಲವೇ?
(ವಿಜ್ಞಾನ ಸಂಘದ ವಿದ್ಯಾರ್ಥಿಗಳು, ಕೆ.ಆರ್. ಪೇಟೆ)

ಉತ್ತರ: ಇದೆ, ನೀವು ಹೋದ ಕಾಲ ಸರಿಯಿಲ್ಲ. ಮಳೆಗಾಲದಲ್ಲಿ ಹೊಸನೀರು ಕೆಮ್ಮಣ್ಣು ಹೊತ್ತು ಬರುತ್ತದೆ. ಬೆಳಕು ಕೆಳಗಿಳಿಯುವುದಿಲ್ಲ, ಇದ್ದ ಪ್ಲವಕವೂ ಕೋಡಿ ಬಿದ್ದ ನೀರಿನೊಂದಿಗೆ ಹೊರಹೋಗುತ್ತದೆ, ಬಲೆಯ ಕಣ್ಣಿಗೆ ಜೇಡಿ ಮೆತ್ತಿಕೊಳ್ಳುತ್ತದೆ. ನವೆಂಬರ್ ನಂತರ ನೀರು ತಿಳಿಯಾಗುತ್ತದೆ. ಫೆಬ್ರವರಿಯಿಂದ ಮೇವರೆಗೆ ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಪರೀಕ್ಷೆಯ ಕಾಲವೂ ಅದೇ ಎಂಬುದು ಬೇರೆ ಸಂಕಟ.

ಹೋಗುವ ಮುನ್ನ ಒಂದು ತಟ್ಟೆ ಮಾಡಿಕೊಳ್ಳಿ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಹಡಗಿನಿಂದ ಬಿಳಿ ತಟ್ಟೆ ಇಳಿಸಿ ಕಡಲಿನ ತಿಳಿ ಅಳೆದರು. ಕೆರೆಗೆ 20 ಸೆಂ.ಮೀ. ತಟ್ಟೆ, ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ, ನಡುವೆ ಗಂಟು ಹಾಕಿದ ಹಗ್ಗ, ಕೆಳಗೆ ತೂಕ. ಇಳಿಸುವಾಗ ಕಾಣದಾಗುವ ಆಳ, ಎತ್ತುವಾಗ ಮತ್ತೆ ಕಾಣುವ ಆಳ, ಎರಡರ ಸರಾಸರಿ ಬರೆದುಕೊಳ್ಳಿ. ನೀರು ಕೆಂಪಾಗಿ, ಈ ಅಳತೆ 30 ಸೆಂ.ಮೀ.ಗಿಂತ ಕಡಿಮೆ ಬಂದರೆ ಬಲೆ ನೆನೆಸುವುದೇ ಬೇಡ. ನೀರು ಹಸಿರಾಗಿ ಅಳತೆ ಕಡಿಮೆ ಬಂದರೆ ಅದು ಪ್ಲವಕದ್ದೇ ಕೆಲಸ, ಎರಡು ಮೀಟರ್ ಎಳೆದರೂ ಸಾಕು.

ಇಲ್ಲೊಂದು ತಮಾಷೆ ಇದೆ, ಪಾಠದಲ್ಲಿ ಬಳಸಿಕೊಳ್ಳಿ. ಕೆರೆಯ ಬಲೆಗೆ ಬರಗಾಲವಾದ ಅದೇ ಮುಂಗಾರು ನಮ್ಮ ಪಡುವಣ ಕಡಲಿಗೆ ಸುಗ್ಗಿ. ಮುಂಗಾರು ಗಾಳಿ ಕರಾವಳಿಯುದ್ದಕ್ಕೂ ಬೀಸಿ, ಭೂಮಿಯ ತಿರುಗುವಿಕೆಯೂ ಸೇರಿ, ಮೇಲಿನ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆ ಜಾಗಕ್ಕೆ ತಳದ ತಣ್ಣನೆಯ, ಗೊಬ್ಬರದಂಶ ತುಂಬಿದ ನೀರು ಏರಿಬರುತ್ತದೆ. ಡಯಾಟಮ್‌ಗಳು (ಗಾಜಿನಂಥ ಕವಚದ ಸಸ್ಯಪ್ಲವಕಗಳು) ಉಕ್ಕುತ್ತವೆ, ಅವನ್ನು ತಿಂದು ಬೂತಾಯಿ ಮೀನು ಕೊಬ್ಬುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧವೂ ಮೀನು ಮರಿ ಮಾಡುವ ಈ ಕಾಲಕ್ಕೇ ಹೊಂದಿಕೊಂಡಿದೆ.

ಪ್ರಶ್ನೆ: ಸಾರ್, ಬೆಳಿಗ್ಗೆ ತಂದ ನೀರು ಮಧ್ಯಾಹ್ನಕ್ಕೆ ವಾಸನೆ ಬಂತು, ಎಲ್ಲಾ ಸತ್ತಿದ್ದವು. ಉಳಿದ ಹನಿ ನೋಡಿದರೆ ಬರೀ ಕಪ್ಪು ಉಂಗುರಗಳು. ನಮ್ಮ ಮೇಷ್ಟ್ರು ಅದನ್ನೇ ಪಾಚಿ ಅಂದರು. ನಿಜವೇ?
(9ನೇ ತರಗತಿ ವಿದ್ಯಾರ್ಥಿ, ಮದ್ದೂರು ತಾಲ್ಲೂಕು)

ಉತ್ತರ: ಉಂಗುರಗಳು ಗಾಳಿಗುಳ್ಳೆ. ದಪ್ಪ ಕಪ್ಪು ಅಂಚು, ಒಳಗೆ ಏನೂ ಇಲ್ಲದ ಹೊಳಪು, ಅದೇ ಗುರುತು. ಮೇಷ್ಟ್ರಿಗೆ ಮೆಲ್ಲಗೆ ಹೇಳು. ಕವರ್‌ಸ್ಲಿಪ್ಪನ್ನು ಮೇಲಿಂದ ಹಾಕದೆ, ಒಂದು ಅಂಚನ್ನು ಹನಿಗೆ ತಾಗಿಸಿ ಓರೆಯಾಗಿ ನಿಧಾನಕ್ಕೆ ಮಲಗಿಸಿದರೆ ಗುಳ್ಳೆ ಬರುವುದಿಲ್ಲ.

ಸತ್ತದ್ದು ಉಸಿರುಕಟ್ಟಿ. ನೂರಾರು ಲೀಟರಿನಲ್ಲಿದ್ದ ಜೀವಿಗಳನ್ನು ಒಂದು ಲೋಟಕ್ಕೆ ತುಂಬಿದ್ದೀರಿ. ಬಲೆಯ ಶೀಷೆಯಲ್ಲಿ ಸಿಕ್ಕಿದ್ದನ್ನು ಕೂಡಲೇ ಒಂದು ಲೀಟರ್ ಕೆರೆ ನೀರಿಗೆ ಬೆರೆಸಿ, ಬಾಟಲಿ ಮೂರನೇ ಎರಡು ಭಾಗ ಮಾತ್ರ ತುಂಬಿ, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ತನ್ನಿ. ಎರಡು, ಮೂರು ಗಂಟೆಯೊಳಗೆ ನೋಡಿಬಿಡಬೇಕು. ರಾತ್ರಿಯಿಡೀ ಇಟ್ಟರೆ ಸೈಕ್ಲಾಪ್ಸ್ ಉಳಿದವನ್ನು ತಿಂದುಹಾಕುತ್ತದೆ, ಆಗ ನಿನ್ನ ಪಟ್ಟಿಯಲ್ಲಿ ಅದೊಂದೇ ಹೆಸರು.

ಒಂದು ಪಾಲನ್ನು ಅಯೋಡಿನ್‌ನಲ್ಲಿ ಇಡಿ. 20 ಮಿ.ಲೀ. ನೀರಿನಲ್ಲಿ 10 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿ, ಆಮೇಲೆ 5 ಗ್ರಾಂ ಅಯೋಡಿನ್ ಹಾಕಿ ಕಲಕಿ, ಒಟ್ಟು 100 ಮಿ.ಲೀ. ಮಾಡಿದರೆ ಲ್ಯೂಗಾಲ್ ದ್ರಾವಣ. ಇದನ್ನು ಶಿಕ್ಷಕರೇ ಮಾಡಬೇಕು. ಅನುಕ್ರಮ ತಪ್ಪಿದರೆ ಅಯೋಡಿನ್ ಕರಗುವುದಿಲ್ಲ. 100 ಮಿ.ಲೀ. ಮಾದರಿಗೆ ಅರ್ಧದಿಂದ ಒಂದು ಮಿ.ಲೀ., ಬಣ್ಣ ತೆಳು ಚಹಾದಂತಾಗುವವರೆಗೆ. ಕಂದು ಬಾಟಲಿಯಲ್ಲಿ, ಕತ್ತಲಲ್ಲಿ ಇಟ್ಟು, ತಿಂಗಳಿಗೊಮ್ಮೆ ನೋಡಿ ಬಣ್ಣ ಮಾಸಿದ್ದರೆ ಇನ್ನಷ್ಟು ಹನಿ ಹಾಕಿ. ಹಸಿರು ಪಾಚಿಯಲ್ಲಿ ಪಿಷ್ಟವಿರುವುದರಿಂದ ಅದು ನೀಲಿಗಪ್ಪಾಗುತ್ತದೆ. ಡಯಾಟಮ್‌ನಲ್ಲಿ ಪಿಷ್ಟವಿಲ್ಲ, ಅದು ಹಾಗಾಗುವುದಿಲ್ಲ. ಫಾರ್ಮಲಿನ್ ಮಾತ್ರ ಶಾಲೆಯೊಳಗೆ ಬೇಡವೇ ಬೇಡ. ಬಾಟಲಿಯೊಳಗೆ ಒಂದು ಚೀಟಿ ಹಾಕು: ಊರು, ದಿನಾಂಕ, ಗಂಟೆ, ಬಲೆಯ ನಂಬರು, ಎಳೆದ ದೂರ. ಪೆನ್ಸಿಲಿನಲ್ಲಿ ಬರೆ, ಶಾಯಿ ಕಲಸಿಹೋಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ಎಲ್ಲರೂ ಮಾಡುವ ತಪ್ಪು ಎರಡು. ಮೊದಲಿಗೇ ದೊಡ್ಡ ಮಸೂರಕ್ಕೆ ಹೋಗುವುದು ಒಂದು. 4ರ ಮಸೂರದಲ್ಲಿ ಸಾಮಾನ್ಯ ಶಾಲಾ ಸೂಕ್ಷ್ಮದರ್ಶಕಕ್ಕೆ ಸುಮಾರು ನಾಲ್ಕೂವರೆ ಮಿ.ಮೀ. ಅಗಲದ ಜಾಗ ಕಾಣುತ್ತದೆ, 10ರಲ್ಲಿ 1.8, 40ರಲ್ಲಿ ಅರ್ಧ ಮಿ.ಮೀ.ಗೂ ಕಡಿಮೆ. ಪ್ಲಾಸ್ಟಿಕ್ ಸ್ಕೇಲನ್ನೇ ಕೆಳಗಿಟ್ಟು ನಿಮ್ಮದು ಎಷ್ಟೆಂದು ಅಳೆದುಕೊಳ್ಳಿ, ಆಮೇಲೆ ಜೀವಿಯ ಉದ್ದವನ್ನು ಅಂದಾಜು ಮಾಡಬಹುದು. ಓಡುವ ಸೈಕ್ಲಾಪ್ಸ್ ಅನ್ನು ಅರ್ಧ ಮಿ.ಮೀ. ಜಾಗದಲ್ಲಿ ಹಿಡಿಯಲಾಗದು. ಎರಡನೆಯ ತಪ್ಪು, ಬೆಳಕನ್ನು ಪೂರ್ತಿ ಬಿಡುವುದು. ಪ್ಲವಕ ಗಾಜಿನಂತೆ ಪಾರದರ್ಶಕ. ವೇದಿಕೆಯ ಕೆಳಗಿನ ಡಯಾಫ್ರಮ್ ಅರ್ಧ ಮುಚ್ಚು, ಅಂಚುಗಳು ಎದ್ದು ಕಾಣುತ್ತವೆ. ಡಾಫ್ನಿಯಾ ಅಪ್ಪಚ್ಚಿಯಾಗದಿರಲು ಕವರ್‌ಸ್ಲಿಪ್ ಕೆಳಗೆ ನಾಲ್ಕು ಮೂಲೆಗೆ ಒಡೆದ ಕವರ್‌ಸ್ಲಿಪ್ಪಿನ ಚೂರು ಇಡು. ಓಡಾಟ ನಿಧಾನ ಮಾಡಲು ಹತ್ತಿಯ ನಾಲ್ಕು ಎಳೆ, ಅಥವಾ ಎರಡು ಹನಿ ಸೋಡಾ ನೀರು.

ಗುರುತು ಹಿಡಿಯಲು ಮೊದಲು ನಡಿಗೆ ನೋಡು. ಮೇಲಕ್ಕೆ ನೆಗೆದು ನೆಗೆದು ಇಳಿಯುವುದು ಡಾಫ್ನಿಯಾ, ಬಾಣದಂತೆ ಚಿಮ್ಮಿ ನಿಲ್ಲುವುದು ಕೋಪೆಪಾಡ್, ತಲೆಯ ಮೇಲೆ ಚಕ್ರ ತಿರುಗಿದಂತೆ ಕಾಣುವುದು ರೋಟಿಫರ್. ಒಂದೇ ಕಣ್ಣು, ಮೂರು ಜೊತೆ ಕಾಲು ಇದ್ದರೆ ಅದು ನಾಪ್ಲಿಯಸ್, ಕೋಪೆಪಾಡ್‌ನ ಮರಿ. ಹೊನ್ನಗಂದು ಬಣ್ಣದ, ಗಾಜಿನ ಡಬ್ಬಿಯಂಥದು ಡಯಾಟಮ್.

ಪ್ರಶ್ನೆ: ಒಂದು ಲೀಟರ್ ಕೆರೆ ನೀರಿನಲ್ಲಿ ಎಷ್ಟು ಪ್ಲವಕ ಇದೆಯೆಂದು ಲೆಕ್ಕ ಹಾಕುವುದು ಹೇಗೆ?
(ಗಣಿತ ಶಿಕ್ಷಕರು, ನಂಜನಗೂಡು)

ಉತ್ತರ: ಹತ್ತು ಲೀಟರಿನ ಬಕೆಟ್ಟಿನಲ್ಲಿ ಹತ್ತು ಸಲ ನೀರು ತುಂಬಿ ಬಲೆಗೆ ಸುರಿಯಿರಿ. ಅದು 100 ಲೀಟರ್. ಶೀಷೆಯದನ್ನು ಸರಿಯಾಗಿ 100 ಮಿ.ಲೀ. ಮಾಡಿ. ಈಗ ಶೀಷೆಯ ಒಂದು ಮಿ.ಲೀ. ಅಂದರೆ ಕೆರೆಯ ಒಂದು ಲೀಟರ್. ಡ್ರಾಪರಿನಿಂದ ಒಂದು ಮಿ.ಲೀ.ಗೆ ಎಷ್ಟು ಹನಿ ಎಂದು ಎಣಿಸಿಕೊಳ್ಳಿ, ಸಾಮಾನ್ಯವಾಗಿ 20. ಶೀಷೆಯನ್ನು ಮೇಲೆ ಕೆಳಗೆ ಮಗುಚಿ, ಕೂಡಲೇ ಐದು ಹನಿ ತೆಗೆದು ಎಣಿಸಿದಾಗ 12 ಸೈಕ್ಲಾಪ್ಸ್ ಸಿಕ್ಕವೆನ್ನಿ. ಕಾಲು ಮಿ.ಲೀ.ಯಲ್ಲಿ 12, ಒಂದು ಮಿ.ಲೀ.ಯಲ್ಲಿ 48. ಲೀಟರಿಗೆ 48. ಎಣಿಸಲು ಅಯೋಡಿನ್ ಹಾಕಿದ ಮಾದರಿಯೇ ಬೇಕು, ಜೀವಂತವಾದರೆ ಒಂದನ್ನೇ ಮೂರು ಸಲ ಎಣಿಸುತ್ತಾರೆ. ಮಗುಚದೆ ತೆಗೆದರೆ ತಳದಲ್ಲಿ ಕುಳಿತವು ಬಿಟ್ಟುಹೋಗುತ್ತವೆ. ಬಲೆ ಎಳೆದ ಲೆಕ್ಕವೂ ಆಗುತ್ತದೆ: 20 ಸೆಂ.ಮೀ. ಬಾಯಿ 10 ಮೀಟರ್ ಎಳೆದರೆ 314 ಲೀಟರ್. ಆದರೆ ಅದು ಬಲೆ ಕಟ್ಟಿಕೊಳ್ಳದಿದ್ದರೆ ಮಾತ್ರ. ಬಕೆಟ್ಟಿನ ಲೆಕ್ಕವೇ ನಂಬಿಕೆಗೆ ಯೋಗ್ಯ. ಅಷ್ಟಾದರೂ ಬಲೆಯ ಕಣ್ಣಿಗಿಂತ ಸಣ್ಣವು ಈ ಸಂಖ್ಯೆಯಲ್ಲಿಲ್ಲ ಎಂಬುದನ್ನು ಪಟ್ಟಿಯ ಕೆಳಗೆ ಬರೆಸಿ.

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸೂಕ್ಷ್ಮದರ್ಶಕವಿಲ್ಲ.
(ಶಿಕ್ಷಕರು, ನಾಗಮಂಗಲ)

ಉತ್ತರ: ಬಿಳಿ ತಟ್ಟೆ, ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಡಾಫ್ನಿಯಾ, ಕೋಪೆಪಾಡ್ ಚೆನ್ನಾಗಿ ಕಾಣುತ್ತವೆ. ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ 140 ಪಟ್ಟು ಹಿಗ್ಗಿಸುತ್ತದೆ. ಅದಕ್ಕೆ ಅಭ್ಯಾಸ ಬೇಕು.

ಮಸೂರವೇ ಬೇಡದ ಒಂದು ಆಟ ಇದೆ. ಪ್ರತಿ ಮಗುವಿಗೂ ತೂಗಿದ 2 ಗ್ರಾಂ ಆಟದ ಕ್ಲೇ ಕೊಡಿ. ಅಷ್ಟರಲ್ಲೇ ಒಂದು ಪ್ಲವಕ ಮಾಡಬೇಕು, ಅದು ಮುಳುಗಲೇಬೇಕು, ಆದರೆ ಎಲ್ಲರಿಗಿಂತ ನಿಧಾನವಾಗಿ. 30 ಸೆಂ.ಮೀ. ಆಳದ ಪಾರದರ್ಶಕ ಜಾಡಿಯಲ್ಲಿ ಬಿಟ್ಟು ಸಮಯ ಅಳೆಯಿರಿ. ಮುದ್ದೆ ಮಾಡಿದವರು ಸೋಲುತ್ತಾರೆ, ಚಪ್ಪಟೆ ಮಾಡಿ ಕೊಂಬು ಚಾಚಿದವರು ಗೆಲ್ಲುತ್ತಾರೆ. ಕಡಲಿನ ಕೀಟೊಸೆರಸ್ ಎಂಬ ಡಯಾಟಮ್‌ಗೆ ಉದ್ದ ಮುಳ್ಳುಗಳಿರುವುದಕ್ಕೆ ಹೇಳುವ ಕಾರಣಗಳಲ್ಲಿ ಇದೂ ಒಂದು: ಬೆಳಕಿನ ಪದರದಿಂದ ಬೇಗ ಜಾರಬಾರದು. ನೀರಿನಲ್ಲಿ ಒಂದೇ ಸೆಕೆಂಡಿಗೆ ಮುಳುಗಿ ವ್ಯತ್ಯಾಸ ತಿಳಿಯದಿದ್ದರೆ ಒಂದು ಲೀಟರ್ ನೀರಿಗೆ ಎರಡು ಕಿಲೋ ಸಕ್ಕರೆ ಬಿಸಿಮಾಡಿ ಕರಗಿಸಿ, ಆರಿಸಿ ಬಳಸಿ. ಸಕ್ಕರೆಗೆ ಮಂಡ್ಯದಲ್ಲಿ ಬರವೇನಿಲ್ಲ. ಆ ಪಾಕ ನೀರಿಗಿಂತ ಸುಮಾರು ನೂರು ಪಟ್ಟು ಮಂದ. ಕೂದಲೆಳೆಗಿಂತ ಸಣ್ಣ ಜೀವಿಗೆ ನೀರೇ ಹೀಗೆ ಪಾಕದಂತೆ ಅನುಭವಕ್ಕೆ ಬರುತ್ತದೆ, ಹಾಗಾಗಿ ಪಾಕದ ಓಟ ನಿಜಕ್ಕೆ ಇನ್ನೂ ಹತ್ತಿರ. ಪಾಕ ತೂಕವೂ ಹೆಚ್ಚು, ಹಾಗಾಗಿ ಪಾಕದ ಸಮಯವನ್ನು ನೀರಿನ ಸಮಯದೊಂದಿಗೆ ಹೋಲಿಸಬೇಡಿ.

ಪ್ರಶ್ನೆ: ಮಗನ ಶಾಲೆಯವರು ಮಕ್ಕಳನ್ನು ಕೆರೆಗೆ ಕರೆದೊಯ್ಯುತ್ತಾರಂತೆ. ಅಲ್ಲಿ ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂತಿದೆ. ಕಳಿಸಬಹುದೇ?
(ಪೋಷಕರು, ಕುವೆಂಪುನಗರ, ಮೈಸೂರು)

ಉತ್ತರ: ಆ ದಡಕ್ಕೆ ಕಳಿಸಬೇಡಿ. ಅದು ಮೈಕ್ರೊಸಿಸ್ಟಿಸ್‌ನಂಥ ನೀಲಿಹಸಿರು ಬ್ಯಾಕ್ಟೀರಿಯಾ ಇರಬಹುದು. ಅದರ ಕೆಲವು ತಳಿಗಳ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ, ಚರ್ಮಕ್ಕೂ ತುರಿಕೆ. ಉದ್ದನೆ ಕೋಲು ಅದ್ದಿ ಎತ್ತಿದಾಗ ಬಣ್ಣ ಬಳಿದಂತೆ ಅಂಟಿದರೆ ಅನುಮಾನವೇ ಸರಿ. ಕೂದಲಿನಂತೆ ಜೋತುಬಿದ್ದರೆ ಅದು ಸಾಮಾನ್ಯ ನೂಲುಪಾಚಿ. ಒಂದು ಜಾಡಿಯಲ್ಲಿ ರಾತ್ರಿಯಿಡೀ ಇಟ್ಟಾಗ ಎಲ್ಲ ಮೇಲೆ ತೇಲಿ ನಿಂತರೂ ಅದೇ ಅನುಮಾನ, ಅದರ ಜೀವಕೋಶದಲ್ಲಿ ಗಾಳಿಚೀಲಗಳಿವೆ. ಅಂಥ ಮಾದರಿಯನ್ನು ಶಿಕ್ಷಕರು ಕೈಗವಸು ಹಾಕಿ ತರಲಿ, ಮಕ್ಕಳು ಮುಚ್ಚಿದ ಸ್ಲೈಡಿನಲ್ಲಿ ನೋಡಲಿ.

ಉಳಿದಂತೆ, ಕಾಲಿಗೆ ಗಾಯವಿರುವ ಮಗು ನೀರಿಗಿಳಿಯಬಾರದು, ಇಲಿಜ್ವರದ ಭಯವಿದೆ. ವಿಶ್ವೇಶ್ವರಯ್ಯ ನಾಲೆಯ ಅಂಚು ಬೇಡ. ಅಲ್ಲಿ ಹರಿವು ಜೋರು, ಇಳಿಜಾರು ಗೋಡೆ ಹತ್ತಿ ಬರಲಾಗದು. ರಂಗನತಿಟ್ಟಿನ ಆಸುಪಾಸಿನ ಕಾವೇರಿಯಲ್ಲಿ ಮೊಸಳೆಗಳಿವೆ. ಕುಕ್ಕರಹಳ್ಳಿ ಕೆರೆಗೆ ಮೈಸೂರು ವಿಶ್ವವಿದ್ಯಾನಿಲಯದ, ಕಾರಂಜಿ ಕೆರೆಗೆ ಮೃಗಾಲಯದವರ ಅನುಮತಿ ಮೊದಲೇ ಪಡೆಯಬೇಕು. ಬಲೆ ಎಳೆಯುವುದು ದೊಡ್ಡವರು, ಮಕ್ಕಳು ಏರಿಯ ಮೇಲೆ ಶೀಷೆ ಕೆಲಸ ಮಾಡಲಿ.

ಪ್ರಶ್ನೆ: ನಾವು ಉಸಿರಾಡುವ ಆಮ್ಲಜನಕದಲ್ಲಿ ಅರ್ಧ ಕಡಲ ಪ್ಲವಕದ್ದೇ ಎಂದು ಭಾಷಣ ಸ್ಪರ್ಧೆಯಲ್ಲಿ ಹೇಳಬಹುದೇ?
(8ನೇ ತರಗತಿ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಸ್ವಲ್ಪ ತಿದ್ದಿ ಹೇಳು. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಅರ್ಧದ ಹತ್ತಿರ ಕಡಲಿನಲ್ಲಿ ನಡೆಯುತ್ತದೆ, ನಿಜ. ಆದರೆ ಅಲ್ಲಿ ಹುಟ್ಟಿದ ಆಮ್ಲಜನಕದ ಬಹುಪಾಲನ್ನು ಕಡಲಿನ ಜೀವಿಗಳೇ ಉಸಿರಾಟಕ್ಕೆ, ಕೊಳೆಯುವಿಕೆಗೆ ಬಳಸಿಬಿಡುತ್ತವೆ. ನಮ್ಮ ಸುತ್ತಲಿನ ಗಾಳಿಯ ಆಮ್ಲಜನಕ ಕೋಟಿಗಟ್ಟಲೆ ವರ್ಷಗಳಿಂದ ಕೂಡಿಟ್ಟ ಗಂಟು.

ಪ್ರಶ್ನೆ: ಉಪ್ಪುನೀರಿನ ಜೀವಿಯೊಂದನ್ನು ಮೈಸೂರಿನ ತರಗತಿಯಲ್ಲೇ ಬೆಳೆಸಲು ಸಾಧ್ಯವೇ? ಡಿಸೆಂಬರಿನಲ್ಲಿ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆಗಳನ್ನು ನೀರಿಗೆ ಹಾಕಿದೆವು, ಒಡೆಯಲಿಲ್ಲ.
(ಪ್ರೌಢಶಾಲಾ ಶಿಕ್ಷಕಿ, ಮೈಸೂರು)

ಉತ್ತರ: ಚಳಿಯೇ ಕಾರಣವಿರಬೇಕು. ಆರ್ಟೀಮಿಯಾಗೆ 26ರಿಂದ 28 ಡಿಗ್ರಿ ಬೇಕು. ಡಿಸೆಂಬರ್ ರಾತ್ರಿಯ ತಣ್ಣನೆಯ ನೀರಿನಲ್ಲಿ ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ. ಪಕ್ಕದಲ್ಲಿ 40 ವ್ಯಾಟಿನ ಹಳೆಯ ಬಲ್ಬು ಉರಿಸಿ, ಶಾಖವೂ ಬೆಳಕೂ ಸಿಗುತ್ತದೆ.

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಒಂದು ರಾತ್ರಿ ತೆರೆದಿಟ್ಟ ನಲ್ಲಿ ನೀರು, 25 ಗ್ರಾಂ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ, ಅಕ್ವೇರಿಯಂ ಅಂಗಡಿಯ ಮೊಟ್ಟೆ ಕಾಲು ಟೀ ಚಮಚ. ಗಾಳಿಯ ಕೊಳವೆ ತಳಕ್ಕೇ ಮುಟ್ಟಬೇಕು, ಮೊಟ್ಟೆಗಳು ಸದಾ ಸುತ್ತುತ್ತಿರಬೇಕು. ಮೂಲೆಯಲ್ಲಿ ಕುಳಿತವು ಕೊಳೆತು ಉಳಿದವನ್ನೂ ಕೆಡಿಸುತ್ತವೆ. 24ರಿಂದ 36 ಗಂಟೆಗೆ ಕಿತ್ತಳೆ ಬಣ್ಣದ ಮರಿಗಳು, ಅರ್ಧ ಮಿ.ಮೀ.ಗಿಂತ ಚಿಕ್ಕವು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ, ಒಡೆಯದವು ತಳಕ್ಕೆ, ಮರಿಗಳು ಬೆಳಕಿನತ್ತ. ಅಲ್ಲಿಂದ ಡ್ರಾಪರಿನಲ್ಲಿ ತೆಗೆಯಿರಿ. ಎಲ್ಲ ಸರಿಯಿದ್ದೂ ಒಡೆಯದಿದ್ದರೆ ಪೊಟ್ಟಣ ಹಳೆಯದು, ತೇವ ಹೊಕ್ಕಿದೆ.

ಲೀಟರಿಗೆ 0, 10, 25, 35, 70 ಗ್ರಾಂ ಉಪ್ಪಿನ ಐದು ಲೋಟಗಳಲ್ಲಿ ಸಮನಾಗಿ ಮೊಟ್ಟೆ ಹಾಕಿ ದಿನಕ್ಕೆರಡು ಸಲ ಎಣಿಸಿದರೆ ಒಳ್ಳೆಯ ಪ್ರಯೋಗ. ಸಿಹಿನೀರಿನಲ್ಲಿ ಒಡೆದರೂ ಮರಿಗಳು ಬದುಕುವುದಿಲ್ಲ. ಒಂದು ಮಾತು: ಆರ್ಟೀಮಿಯಾ ತೆರೆದ ಕಡಲಿನದಲ್ಲ, ಉಪ್ಪಿನ ಮಡಿ ಮತ್ತು ಉಪ್ಪುಸರೋವರಗಳದ್ದು. ಆದರೆ ಅದರ ನಾಪ್ಲಿಯಸ್ ಮರಿಗೂ ಕಡಲ ಕೋಪೆಪಾಡ್ ಮರಿಗೂ ಅಚ್ಚು ಒಂದೇ. ಕೆರೆ ನಾಪ್ಲಿಯಸ್ ಅನ್ನು ಪಕ್ಕದ ಸ್ಲೈಡಿನಲ್ಲಿಟ್ಟು ಹೋಲಿಸಿ.

ಪ್ರಶ್ನೆ: ಜನವರಿಯಲ್ಲಿ ಮಲ್ಪೆಗೆ ಪ್ರವಾಸವಿದೆ. ಕಡಲ ಪ್ಲವಕವನ್ನು ಜೀವಂತ ತರಲಾಗುತ್ತದೆಯೇ?
(ಮುಖ್ಯೋಪಾಧ್ಯಾಯರು, ಹುಣಸೂರು)

ಉತ್ತರ: ಕಾಲ ಸರಿಯಾಗಿದೆ. ಮಳೆಗಾಲದಲ್ಲಾದರೆ ಅಳಿವೆಯ ಬಳಿ ಹೊಳೆನೀರೇ ಹೆಚ್ಚು. ಜೆಟ್ಟಿಯಲ್ಲಿ ಡೀಸೆಲ್ ತೇಲುವ ಕಡೆ ಬಿಟ್ಟು, ಅನುಮತಿಯೊಂದಿಗೆ ದೋಣಿಯಿಂದ, ಭರತ ಏರುವಾಗ ಎಳೆಯಿರಿ. ಇಳಿತದಲ್ಲಿ ನದಿಯ ಕೆಸರು ಬರುತ್ತದೆ. ಬಲೆ ಎತ್ತಿದ ತಕ್ಷಣ ಅರ್ಧಕ್ಕೆ ಅಯೋಡಿನ್ ಹಾಕಿ. ಉಳಿದರ್ಧದಲ್ಲಿ ಎರಡು ಚಮಚದಷ್ಟನ್ನೇ ಎರಡು ಲೀಟರ್ ಕಡಲ ನೀರಿಗೆ ಬೆರೆಸಿ, ತಂಪಾದ ಥರ್ಮಾಸಿನಲ್ಲಿ ಮುಕ್ಕಾಲು ಭಾಗ ತುಂಬಿ. ಐಸನ್ನು ನೇರವಾಗಿ ಹಾಕಬೇಡಿ, ಕರಗಿ ಉಪ್ಪು ಇಳಿದರೆ ಎಲ್ಲ ಸಾಯುತ್ತವೆ. ಎರಡು ಗಂಟೆಗೊಮ್ಮೆ ಮುಚ್ಚಳ ತೆಗೆದು ಗಾಳಿ ಬಿಡಿ. ಲೋಳೆಮೀನಿನ ಚೂರು ಬಿದ್ದಿದ್ದರೆ ಮೊದಲೇ ಎತ್ತಿಹಾಕಿ, ಅದು ಕೊಳೆಯತೊಡಗಿದರೆ ಉಳಿದವಕ್ಕೆ ಉಳಿಗಾಲವಿಲ್ಲ. ಹುಣಸೂರು ತಲುಪುವಷ್ಟರಲ್ಲಿ ಸ್ವಲ್ಪ ಬದುಕಿದ್ದರೆ ಅದೃಷ್ಟ. ಸೂಕ್ಷ್ಮದರ್ಶಕವೊಂದನ್ನು ಬಸ್ಸಿನಲ್ಲೇ ಕೊಂಡೊಯ್ದು ರಾತ್ರಿ ತಂಗುವ ಕಡೆಯೇ ನೋಡುವುದು ಇದಕ್ಕಿಂತ ಒಳ್ಳೆಯದು. ಉಳಿದ ಕಡಲ ನೀರನ್ನು ನಿಮ್ಮೂರ ಕೆರೆಗೆ ಚೆಲ್ಲಬೇಡಿ. ಕುದಿಸಿ ಆರಿಸಿ ಬಚ್ಚಲಿಗೆ ಬಿಡಿ.